ಮಹಸೂಲು ವಹಿಯ ಡ್ರಾಪ್‌ಡೌನ್ ಪೆಟ್ಟಿಗೆ: ನಮೂದಿನ ಪರಿಶೀಲನೆ ಎಲ್ಲಿ, ಹೇಗೆ

(ಶಿರಸಿಯಲ್ಲಿ ಸಹಕಾರಿ ಸಂಘಗಳ ಲೆಕ್ಕಪತ್ರ ಸಿಬ್ಬಂದಿಗಾಗಿ ನಡೆದ ತರಬೇತಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಲಾಗಿದೆ.)

ಮಾನ್ಯರೇ,

ಸಂಘಕ್ಕೆ ಬಂದ ಅಡಿಕೆಯ ಲೆಕ್ಕವನ್ನು, ಅಂದರೆ ಮಹಸೂಲು ವಹಿಯನ್ನು, ಸ್ಪ್ರೆಡ್‌ಶೀಟಿನಲ್ಲಿ ಬರೆಯುವಾಗ ನಾವು ತುಂಬುವ ಕಾಲಂಗಳು ಹೆಚ್ಚಿಲ್ಲ. ದಿನಾಂಕ, ಸದಸ್ಯರ ಖಾತೆ ನಂಬರ್, ತಾಲೂಕು, ಊರು, ಅಡಿಕೆಯ ಬಗೆ, ಚೀಲಗಳ ಸಂಖ್ಯೆ, ತೂಕ, ದರ, ಇಷ್ಟೇ. ಇವುಗಳಲ್ಲಿ ತೂಕ ತಪ್ಪಾದರೆ ಯಾರಾದರೊಬ್ಬರು ಅದೇ ದಿನ ಹಿಡಿಯುತ್ತಾರೆ, ಏಕೆಂದರೆ ಚೀಟಿ ಸದಸ್ಯರ ಕೈಯಲ್ಲಿಯೇ ಇರುತ್ತದೆ. ತಾಲೂಕು, ಊರು, ಬಗೆ ಎಂಬ ಮೂರು ಹೆಸರುಗಳು ತಪ್ಪಾದರೆ ಮಾತ್ರ ಆ ತಪ್ಪು ವರ್ಷದ ಕೊನೆಯವರೆಗೂ ಸದ್ದಿಲ್ಲದೆ ಕುಳಿತಿರುತ್ತದೆ. ಶಿರಸಿ, ಶಿರ್ಸಿ, ಸಿರ್ಸಿ ಎಂದು ಮೂವರು ಮೂರು ರೀತಿ ಬರೆದರೆ ಓದುವ ನಮಗೆ ಊರು ಒಂದೇ, ಹೆಸರುವಾರು ಮೊತ್ತ ಹಾಕುವ ಪಿವೋಟ್ ಟೇಬಲ್‌ಗೆ ಮೂರು. ಜೋಯಿಡಾ ಎಂದು ಒಬ್ಬರು, ಜೊಯಿಡಾ ಎಂದು ಇನ್ನೊಬ್ಬರು, ಹಳೆಯ ರೂಢಿಯಂತೆ ಸೂಪಾ ಎಂದು ಮತ್ತೊಬ್ಬರು ಬರೆದರೆ ಒಂದು ತಾಲೂಕಿನ ಆವಕ ಮೂರು ಕಡೆ ಹಂಚಿಹೋಗಿ, ಯಾವ ಮೊತ್ತವೂ ನಿಜವಾಗುವುದಿಲ್ಲ.

ಇದಕ್ಕೆ ಪರಿಹಾರವೆಂದು ಎಲ್ಲರೂ ಹೇಳುವುದು ಡ್ರಾಪ್‌ಡೌನ್ ಪೆಟ್ಟಿಗೆಯನ್ನು. ಆ ಸಲಹೆ ತಪ್ಪಲ್ಲ. ಆದರೆ ಪೆಟ್ಟಿಗೆ ಇಟ್ಟ ಕೂಡಲೇ ನಮೂದು ಶುದ್ಧವಾಯಿತೆಂಬ ನಂಬಿಕೆ ತಪ್ಪು. ಡ್ರಾಪ್‌ಡೌನ್ ಬರೆಯುವವರಿಗೆ ಆಯ್ಕೆಗಳನ್ನು ತೋರಿಸುವ ಸೌಕರ್ಯ. ತಪ್ಪನ್ನು ತಡೆಯುವುದು ಬೇರೆಯದೇ ಕೆಲಸ, ಮತ್ತು ಆ ಕೆಲಸವನ್ನು ಒಂದೇ ಕಡೆ ಮಾಡಿ ಮುಗಿಸಲು ಬರುವುದಿಲ್ಲ. ಮೌಲ್ಯ ಒಳಗೆ ಬರುವ ಪ್ರತಿ ದಾರಿಯಲ್ಲಿಯೂ, ಮೊತ್ತ ಹಾಕುವ ಮುನ್ನ ಮತ್ತೊಮ್ಮೆಯೂ ಅದನ್ನು ಪರಿಶೀಲಿಸಬೇಕು. ಇಂದು ನಾನು ಹೇಳಬೇಕಾಗಿರುವುದು ಇದನ್ನೇ.

ಎಕ್ಸೆಲ್‌ನಲ್ಲಿ ಡೇಟಾ ವ್ಯಾಲಿಡೇಷನ್ ಎಂಬ ಸೌಲಭ್ಯ ಬಂದದ್ದು 1997ರ ಆವೃತ್ತಿಯಲ್ಲಿ. ಡೇಟಾ ಟ್ಯಾಬ್‌ನಲ್ಲಿರುವ ಆ ಗುಂಡಿಯನ್ನು ಒತ್ತಿದರೆ ಮೂರು ಪುಟಗಳ ಕಿಟಕಿ ತೆರೆಯುತ್ತದೆ: ನಿಯಮ ಬರೆಯುವುದು ಮೊದಲನೆಯದರಲ್ಲಿ, ಸೆಲ್ ಮೇಲೆ ಹೋದಾಗ ಕಾಣಿಸುವ ಸೂಚನೆ ಎರಡನೆಯದರಲ್ಲಿ, ತಪ್ಪಾದಾಗ ಬರುವ ಎಚ್ಚರಿಕೆ ಮೂರನೆಯದರಲ್ಲಿ. ನಿಯಮದಲ್ಲಿ ಲಿಸ್ಟ್ ಎಂದು ಆರಿಸಿ ಮೂಲ ಪಟ್ಟಿಯನ್ನು ತೋರಿಸಿದರೆ ಡ್ರಾಪ್‌ಡೌನ್ ಸಿದ್ಧ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇದೇ ಸೌಲಭ್ಯಕ್ಕೆ ವ್ಯಾಲಿಡಿಟಿ ಎಂದು ಹೆಸರು, ಗೂಗಲ್ ಶೀಟ್ಸ್‌ನಲ್ಲಿ ಎಕ್ಸೆಲ್‌ನದೇ ಹೆಸರು. ಮಾಡುವ ಕ್ರಮ ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆಯಾದ್ದರಿಂದ ಅದರ ಮೇಲೆ ಸಮಯ ಕಳೆಯುವುದಿಲ್ಲ.

ಪಟ್ಟಿಯನ್ನು ಎಲ್ಲಿ ಇಡಬೇಕೆಂಬುದು ಮೊದಲ ಪ್ರಶ್ನೆ. ಮೂಲ ಎಂಬ ಜಾಗದಲ್ಲಿಯೇ ಹೆಸರುಗಳನ್ನು ಅಲ್ಪವಿರಾಮ ಹಾಕಿ ನೇರವಾಗಿ ಟೈಪ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಒಟ್ಟು 255 ಅಕ್ಷರಗಳ ಮಿತಿ ಇದೆ, ಮತ್ತು ಕನ್ನಡದಲ್ಲಿ ಈ ಮಿತಿ ನಾವು ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ. ಸಿದ್ದಾಪುರ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ; ಗುಣಿತದ ಚಿಹ್ನೆಗಳನ್ನೂ ಒತ್ತಿನ ಹಿಂದಿನ ಹಲಂತವನ್ನೂ ಬೇರೆ ಬೇರೆಯಾಗಿ ಎಣಿಸುವ ಕಂಪ್ಯೂಟರಿಗೆ ಅದು ಒಂಬತ್ತು. ತಾಲೂಕುಗಳ ಮಟ್ಟಿಗೆ ಹೇಗೋ ಸಾಗಬಹುದು, ಊರುಗಳ ಪಟ್ಟಿ ಖಂಡಿತ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಹಾಗೆ ಟೈಪ್ ಮಾಡಿದ ಪಟ್ಟಿ ಎಷ್ಟು ಕಡೆ ಇದೆಯೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಪಟ್ಟಿಗಳೆಲ್ಲ ಒಂದು ಪ್ರತ್ಯೇಕ ಹಾಳೆಯಲ್ಲಿರಲಿ. ಪ್ರತಿ ಪಟ್ಟಿಯನ್ನೂ ಟೇಬಲ್ ಆಗಿ ಮಾಡಿ, ಅದರಲ್ಲಿ ಪಟ್ಟಿಯಿರುವ ಸೆಲ್‌ಗಳಿಗೆ ಒಂದು ಹೆಸರು (ಡಿಫೈನ್ಡ್ ನೇಮ್) ಕೊಟ್ಟು, ವ್ಯಾಲಿಡೇಷನ್‌ನಲ್ಲಿ ಆ ಹೆಸರನ್ನೇ ಬಳಸಿ. ಆಗ ಹೊಸ ಹೆಸರನ್ನು ಕೊನೆಯ ಸಾಲಿನ ಕೆಳಗೆ ಸೇರಿಸಿದರೆ ಸಾಕು, ಎಲ್ಲ ಡ್ರಾಪ್‌ಡೌನ್‌ಗಳಲ್ಲಿಯೂ ಅದು ಬರುತ್ತದೆ. ಎಕ್ಸೆಲ್ 2007 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಬೇರೆ ಹಾಳೆಯ ಪಟ್ಟಿಯನ್ನು ನೇರವಾಗಿ ತೋರಿಸಲು ಬರುತ್ತಿರಲಿಲ್ಲ, ಹೆಸರು ಕೊಟ್ಟೇ ಬಳಸಬೇಕಿತ್ತು. 2010ರಿಂದ ಆ ಅಡ್ಡಿ ಇಲ್ಲ. ಅಡ್ಡಿ ಹೋದರೂ ಹೆಸರು ಕೊಡುವ ಅಭ್ಯಾಸವೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಗುಪ್ತವಾದ ಕಿಂಡಿಯಿದೆ. ಮುಂದೆ ಬೇಕಾದೀತೆಂದು ಕೆಲವರು ಪಟ್ಟಿಯ ಕೆಳಗೆ ಹತ್ತಾರು ಖಾಲಿ ಸೆಲ್‌ಗಳನ್ನೂ ಸೇರಿಸಿ ಹೆಸರು ಕೊಟ್ಟಿರುತ್ತಾರೆ. ಖಾಲಿಯನ್ನು ಕಡೆಗಣಿಸು ಎಂಬ ಅರ್ಥದ ಇಗ್ನೋರ್ ಬ್ಲ್ಯಾಂಕ್ ಗುರುತು ವ್ಯಾಲಿಡೇಷನ್ ಕಿಟಕಿಯಲ್ಲಿ ಮೊದಲೇ ಹಾಕಿಯೇ ಇರುತ್ತದೆ. ಹೆಸರು ಕೊಟ್ಟ ಪಟ್ಟಿಯಲ್ಲಿ ಒಂದೇ ಒಂದು ಖಾಲಿ ಸೆಲ್ ಇದ್ದು ಈ ಗುರುತೂ ಇದ್ದರೆ, ಆ ಪೆಟ್ಟಿಗೆಯಲ್ಲಿ ಏನನ್ನು ಟೈಪ್ ಮಾಡಿದರೂ ಎಕ್ಸೆಲ್ ಒಪ್ಪಿಕೊಳ್ಳುತ್ತದೆ! ಬಾಣದ ಗುರುತು ಕಾಣಿಸುತ್ತದೆ, ಪಟ್ಟಿ ಬಿಚ್ಚಿಕೊಳ್ಳುತ್ತದೆ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಕಾವಲು ಮಾತ್ರ ಇಲ್ಲ. ಆದ್ದರಿಂದ ಪೆಟ್ಟಿಗೆ ಮಾಡಿದ ಮೇಲೆ ಪಟ್ಟಿಯಿಂದ ಆರಿಸಿ ನೋಡುವುದು ಪರೀಕ್ಷೆಯಲ್ಲ. ಪಟ್ಟಿಯಲ್ಲಿ ಇಲ್ಲದ ಯಾವುದಾದರೂ ಮಾತನ್ನು ಟೈಪ್ ಮಾಡಿ ಎಂಟರ್ ಒತ್ತಿ, ಅದು ತಡೆಯುತ್ತದೆಯೇ ಎಂದು ನೋಡುವುದು ಪರೀಕ್ಷೆ.

ಅದೇ ಗುರುತಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಗುರುತು ತೆಗೆದರೆ ಆ ಸೆಲ್ ಅನ್ನು ಖಾಲಿ ಬಿಡಲು ಆಗುವುದಿಲ್ಲವೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಸೆಲ್ ಒಳಗೆ ಹೋಗದೆಯೇ ಮುಂದಿನದಕ್ಕೆ ದಾಟಿದರೆ, ಅಥವಾ ಇದ್ದದ್ದನ್ನು ಡಿಲೀಟ್ ಕೀಲಿಯಿಂದ ಅಳಿಸಿದರೆ, ಎಕ್ಸೆಲ್ ಯಾವ ತಕರಾರನ್ನೂ ಮಾಡುವುದಿಲ್ಲ. ಕಡ್ಡಾಯವಾಗಿ ತುಂಬಬೇಕಾದ ಕಾಲಂ ಖಾಲಿ ಇದೆಯೇ ಎಂಬುದನ್ನು ಬೇರೆ ಕಡೆಯೇ ನೋಡಬೇಕು.

ಈಗ ಕಾವಲನ್ನು ತಪ್ಪಿಸಿಕೊಂಡು ಬರುವ ದಾರಿಗಳ ವಿಚಾರಕ್ಕೆ ಬರುತ್ತೇನೆ. ವ್ಯಾಲಿಡೇಷನ್ ಕೆಲಸ ಮಾಡುವುದು ಒಬ್ಬರು ಸೆಲ್‌ನಲ್ಲಿ ಕೈಯಿಂದ ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣದಲ್ಲಿ ಮಾತ್ರ. ಫಾರ್ಮುಲಾದ ಉತ್ತರವಾಗಿ ಬಂದ ಮೌಲ್ಯವನ್ನು ಅದು ನೋಡುವುದಿಲ್ಲ, ಮ್ಯಾಕ್ರೊ, ಅಂದರೆ ಎಕ್ಸೆಲ್ ಒಳಗಿನ ಸಣ್ಣ ಪ್ರೋಗ್ರಾಂ, ಬರೆದ ಮೌಲ್ಯವನ್ನೂ ನೋಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ದನ್ನು ನೋಡುವುದಿಲ್ಲ. ತೋಟದ ಬಾಗಿಲಿಗೆ ದಣಪೆ ಹಾಕಿದ್ದೇವೆಂದು ಧೈರ್ಯವಾಗಿದ್ದು, ಹಿಂದಿನ ಬೇಲಿ ಬಿದ್ದದ್ದನ್ನು ನೋಡದೇ ಇದ್ದಂತೆ ಇದು.

ಪೇಸ್ಟ್‌ನಿಂದ ಆಗುವ ಹಾನಿಯಲ್ಲಿ ಎರಡು ಬಗೆಗಳಿದ್ದು, ಇವೆರಡರ ವ್ಯತ್ಯಾಸ ತಿಳಿದಿರುವುದು ಅಗತ್ಯ. ಇನ್ನೊಂದು ಹಾಳೆಯಿಂದ ಸಾಲುಗಳನ್ನು ಕಾಪಿ ಮಾಡಿ ಸಾಮಾನ್ಯ ರೀತಿಯಲ್ಲಿ ಪೇಸ್ಟ್ ಮಾಡಿದರೆ, ಮೌಲ್ಯದ ಜೊತೆಗೆ ಆ ಸೆಲ್‌ನ ನಿಯಮವೂ ಬಂದು ನಮ್ಮ ನಿಯಮದ ಮೇಲೆ ಕೂರುತ್ತದೆ. ಮೂಲದಲ್ಲಿ ನಿಯಮವೇ ಇಲ್ಲದಿದ್ದರೆ ನಮ್ಮ ಸೆಲ್‌ನಲ್ಲಿದ್ದ ನಿಯಮವೂ ಅಳಿಸಿಹೋಗುತ್ತದೆ. ಅದರ ಬದಲು ಪೇಸ್ಟ್ ಸ್ಪೆಷಲ್‌ನಲ್ಲಿ ಮೌಲ್ಯ ಮಾತ್ರ ಎಂಬುದನ್ನು ಆರಿಸಿದರೆ ನಿಯಮ ಉಳಿಯುತ್ತದೆ, ಆದರೆ ಬಂದ ಮೌಲ್ಯ ನಿಯಮಕ್ಕೆ ಒಪ್ಪುತ್ತದೆಯೇ ಎಂಬ ಪರೀಕ್ಷೆ ನಡೆಯುವುದಿಲ್ಲ. ನಿಯಮಕ್ಕೆ ಹೊಂದದ ಸೆಲ್‌ಗಳಿಗೆ ಕೆಂಪು ಸುತ್ತು ಹಾಕಿ ತೋರಿಸುವ ಸರ್ಕಲ್ ಇನ್‌ವ್ಯಾಲಿಡ್ ಡೇಟಾ ಎಂಬ ಆಜ್ಞೆ ವ್ಯಾಲಿಡೇಷನ್ ಗುಂಡಿಯ ಕೆಳಗೇ ಇದೆ. ಎರಡನೆಯ ಬಗೆಯ ತಪ್ಪನ್ನು ಅದು ಹಿಡಿದುಕೊಡುತ್ತದೆ. ಮೊದಲನೆಯದನ್ನು ಹಿಡಿಯಲಾರದು, ನಿಯಮವೇ ಇಲ್ಲದ ಸೆಲ್‌ನಲ್ಲಿ ನಿಯಮಭಂಗವಾಗುವುದು ಹೇಗೆ? ಕೆಂಪು ಸುತ್ತು ಒಂದೂ ಕಾಣಲಿಲ್ಲ, ಆದ್ದರಿಂದ ಹಾಳೆ ಶುದ್ಧವಾಗಿದೆ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು. ಹಾಳೆಗೆ ಪಾಸ್‌ವರ್ಡ್ ಹಾಕಿ ಪ್ರೊಟೆಕ್ಟ್ ಮಾಡಿದರೂ, ಬರೆಯಲೆಂದು ತೆರೆದಿಟ್ಟ ಸೆಲ್‌ಗಳಲ್ಲಿ ಪೇಸ್ಟ್ ಮಾಡುವುದನ್ನು ಅದು ತಡೆಯುವುದಿಲ್ಲ.

ಆದ್ದರಿಂದ ನಾನು ಸಲಹೆ ಮಾಡುವುದು ವ್ಯಾಲಿಡೇಷನ್‌ಗೆ ಸಂಬಂಧವಿಲ್ಲದ ಇನ್ನೊಂದು ಪರಿಶೀಲನೆಯನ್ನು. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಕಾಲಂ ಇಟ್ಟು, ಆ ಸಾಲಿನ ತಾಲೂಕು ಮೂಲ ಪಟ್ಟಿಯಲ್ಲಿದೆಯೇ, ಊರು ಪಟ್ಟಿಯಲ್ಲಿದೆಯೇ, ಬಗೆ ಪಟ್ಟಿಯಲ್ಲಿದೆಯೇ, ಖಾಲಿ ಬಿಟ್ಟದ್ದು ಇದೆಯೇ ಎಂದು ಫಾರ್ಮುಲಾದಿಂದ ನೋಡಿ, ಸರಿಯಿದ್ದರೆ ಏನನ್ನೂ ತೋರಿಸದೆ, ಇಲ್ಲದಿದ್ದರೆ ‘ನೋಡಿ’ ಎಂಬ ಪದವನ್ನು ತೋರಿಸುವಂತೆ ಮಾಡಿ. ಹಾಳೆಯ ತಲೆಯಲ್ಲಿ ಅಂಥ ಸಾಲುಗಳು ಎಷ್ಟಿವೆಯೆಂಬ ಒಂದು ಎಣಿಕೆ ಇರಲಿ. ಈ ಫಾರ್ಮುಲಾ ಬರೆಯುವಾಗ ಹೆಚ್ಚಿನವರು, ಒಂದು ಹೆಸರು ಪಟ್ಟಿಯಲ್ಲಿ ಎಷ್ಟು ಬಾರಿ ಇದೆಯೆಂದು ಎಣಿಸುವ ಕೌಂಟ್‌ಇಫ್ ಬಳಸುತ್ತಾರೆ. ಅದು ನಕ್ಷತ್ರದ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಯಾವ ಅಕ್ಷರವಾದರೂ ಸರಿ ಎಂಬ ಅರ್ಥದಲ್ಲಿ ಓದುತ್ತದೆ. ಹೆಸರು ತಿಳಿಯದಾಗ ಒಂದು ನಕ್ಷತ್ರ ಹಾಕಿ ಮುಂದೆ ಹೋಗುವ ಅಭ್ಯಾಸ ಕೆಲವು ಕಚೇರಿಗಳಲ್ಲಿದೆ, ಮತ್ತು ಆ ನಕ್ಷತ್ರವನ್ನು ಕೌಂಟ್‌ಇಫ್ ಪಟ್ಟಿಯಲ್ಲಿರುವ ಹೆಸರೆಂದೇ ಒಪ್ಪಿಬಿಡುತ್ತದೆ. ಹೆಸರು ಪಟ್ಟಿಯಲ್ಲಿ ಎಷ್ಟನೆಯದೆಂದು ಹುಡುಕುವ, ಪೂರ್ತಿ ಹೊಂದಿಕೆ ಕೇಳಿ ಬರೆದ ಮ್ಯಾಚ್‌ನಲ್ಲಿಯೂ ಪಠ್ಯದ ಮಟ್ಟಿಗೆ ಇದೇ ಗುಣವಿದೆ. ಸಮ್‌ಪ್ರಾಡಕ್ಟ್ ಒಳಗೆ ಪಟ್ಟಿಯನ್ನು ಸಮಚಿಹ್ನೆಯಿಂದ ನೇರವಾಗಿ ಹೋಲಿಸಿದರೆ ಈ ತೊಂದರೆಯಿಲ್ಲ.

ಇದಲ್ಲದೆ, ಲೆಕ್ಕದವರಾದ ನಿಮಗೆ ಮೊದಲಿನಿಂದಲೂ ಗೊತ್ತಿರುವ ಅಡ್ಡಮೊತ್ತ ಉದ್ದಮೊತ್ತಗಳ ತಾಳೆಯನ್ನು ಇಲ್ಲಿಯೂ ಬಿಡಬಾರದು. ಮೂಲ ಪಟ್ಟಿಯ ಪ್ರತಿ ಬಗೆಗೂ ಸಮ್‌ಇಫ್‌ನಿಂದ ತೂಕ ತೆಗೆದು, ಅವುಗಳ ಮೊತ್ತವನ್ನು ತೂಕದ ಕಾಲಂನ ನೇರ ಮೊತ್ತದಿಂದ ಕಳೆಯಿರಿ. ಉತ್ತರ ಸೊನ್ನೆ ಬರಬೇಕು. ಬರದಿದ್ದರೆ ಪಟ್ಟಿಯಲ್ಲಿಲ್ಲದ ಬಗೆಯ ಹೆಸರಿನಲ್ಲಿ ಅಷ್ಟು ತೂಕ ಎಲ್ಲಿಯೋ ಕುಳಿತಿದೆ ಎಂದರ್ಥ.

ಕನ್ನಡದಲ್ಲಿ ಬರೆಯುವ ನಮಗೆ ಮಾತ್ರ ಇರುವ ಕೆಲವು ಕಷ್ಟಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಅಂಕೋಲಾ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದರ ಎರಡನೆಯ ಸ್ಥಾನದಲ್ಲಿ ಇರಬೇಕಾದದ್ದು ಅನುಸ್ವಾರ. ಕೆಲವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುತ್ತಾರೆ, ಏಕೆಂದರೆ ಎರಡೂ ದುಂಡಗೆ ಒಂದೇ ರೀತಿ ಕಾಣುತ್ತವೆ. ಹಲವು ಫಾಂಟ್‌ಗಳಲ್ಲಿ ವ್ಯತ್ಯಾಸವನ್ನು ಕಣ್ಣಿನಿಂದ ಹೇಳಲಾಗುವುದಿಲ್ಲ. ಅಕ್ಷರಗಳನ್ನು ಎಣಿಸುವ ಲೆನ್ ಫಾರ್ಮುಲಾ ಎರಡಕ್ಕೂ ಆರು ಎಂದೇ ಹೇಳುತ್ತದೆ. ಆದರೆ ಮಿಡ್‌ನಿಂದ ಎರಡನೆಯ ಅಕ್ಷರವನ್ನು ತೆಗೆದು, ಅಕ್ಷರದ ಸಂಕೇತದ ಸಂಖ್ಯೆ ಹೇಳುವ ಯೂನಿಕೋಡ್ ಎಂಬ ಫಾರ್ಮುಲಾಕ್ಕೆ ಕೊಟ್ಟರೆ ಸರಿಯಾದ ಹೆಸರಿಗೆ 3202 ಎಂದೂ, ಸೊನ್ನೆ ಹಾಕಿದ ಹೆಸರಿಗೆ 3302 ಎಂದೂ ಬರುತ್ತದೆ. ಈ ಫಾರ್ಮುಲಾ ಎಕ್ಸೆಲ್ 2013ರಿಂದ ಇದೆ. ದಾಂಡೇಲಿ, ಮುಂಡಗೋಡ ಎಂಬ ತಾಲೂಕುಗಳ ಹೆಸರು, ಕೆಂಪುಗೋಟು ಎಂಬ ಅಡಿಕೆಯ ಬಗೆಯ ಹೆಸರು ಇವುಗಳಲ್ಲಿಯೂ ಇದೇ ಅಪಾಯವಿದೆ. ಹೆಸರುಗಳ ಕಾಲಂನಲ್ಲಿ ಮಾತ್ರ, ಅಂಕಿಗಳ ಕಾಲಂ ಅನ್ನು ಮುಟ್ಟದೆ, ಸಬ್‌ಸ್ಟಿಟ್ಯೂಟ್‌ನಿಂದ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿಕೊಳ್ಳಬಹುದು. ಮೂಲ ಪಟ್ಟಿಯಲ್ಲಿಯೇ ಸೊನ್ನೆ ಸೇರಿಕೊಂಡಿದ್ದರೆ ಇನ್ನೂ ವಿಚಿತ್ರ: ಸರಿಯಾಗಿ ಟೈಪ್ ಮಾಡಿದವರನ್ನೇ ಪೆಟ್ಟಿಗೆ ತಪ್ಪೆಂದು ತಡೆಯುತ್ತದೆ.

ಇನ್ನೊಂದು ತೊಡಕು ಓತ್ವದ ಅಕ್ಷರಗಳದ್ದು. ಕೋಕಾ ಎಂಬ ಅಡಿಕೆಯ ಬಗೆಯ ಹೆಸರನ್ನು ಸಾಮಾನ್ಯವಾಗಿ ಟೈಪ್ ಮಾಡಿದರೆ ಕಂಪ್ಯೂಟರಿನ ಎಣಿಕೆಯಲ್ಲಿ ನಾಲ್ಕು. ಅದೇ ಓಕಾರವನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಚಿಹ್ನೆ ಎಂದು ಮೂರು ತುಂಡುಗಳಾಗಿ ಬರೆದಿದ್ದರೆ ಆರು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಫಾಂಟಿನಿಂದ ಪರಿವರ್ತಿಸಿ ತಂದ ಪಠ್ಯದಲ್ಲಿ ಇಂಥವು ಸಿಗುವುದುಂಟು. ವಾಟ್ಸ್‌ಆ್ಯಪ್‌ನಿಂದಲೋ ವೆಬ್ ಪುಟದಿಂದಲೋ ಕಾಪಿ ಮಾಡಿದ ಹೆಸರಿನ ಕೊನೆಯಲ್ಲಿ ಕಾಣದ ಜಾಗ ಅಂಟಿಕೊಂಡಿರುತ್ತದೆ; ಮಾಮೂಲಿ ಜಾಗವಾದರೆ ಟ್ರಿಮ್ ತೆಗೆಯುತ್ತದೆ, 160ನೇ ಸಂಕೇತದ ಬಿಡದ ಜಾಗವಾದರೆ ಟ್ರಿಮ್‌ಗೆ ಅದು ಕಾಣುವುದೇ ಇಲ್ಲ. ಚಾಲಿ ಎಂಬ ಬಗೆಯ ಹೆಸರಿಗೆ ಲೆನ್ ನಾಲ್ಕು ಎನ್ನಬೇಕು. ಐದು ಎಂದರೆ ಹುಡುಕಿ.

ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದಿಟ್ಟಿರುವ ಸಂಘಗಳಿಗೆ ಒಂದು ಮಾತು. ಆ ಫಾಂಟುಗಳಲ್ಲಿ ಕನ್ನಡವಾಗಿ ಕಾಣುವುದು ನಿಜವಾಗಿ ಇಂಗ್ಲಿಷ್ ಸಂಕೇತಗಳ ಮೇಲೆ ಹೊದಿಸಿದ ಚಿತ್ರ. ಸೆಲ್‌ನಲ್ಲಿ ಫಾಂಟನ್ನು ಆರಿಸಬಹುದಾದ್ದರಿಂದ ಅಲ್ಲಿ ಕನ್ನಡ ಕಾಣುತ್ತದೆ. ಬಿಚ್ಚಿಕೊಳ್ಳುವ ಪಟ್ಟಿಯ ಫಾಂಟನ್ನು ಬದಲಿಸಲು ಎಕ್ಸೆಲ್ ಅವಕಾಶ ಕೊಡುವುದಿಲ್ಲ, ಹಾಗಾಗಿ ಅಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇದಕ್ಕೆ ಸುತ್ತು ದಾರಿ ಹುಡುಕುವುದರಲ್ಲಿ ಅರ್ಥವಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಡ್ರಾಪ್‌ಡೌನ್ ಮಾಡಿ.

ಒಂದರ ಮೇಲೊಂದು ಅವಲಂಬಿಸಿದ ಪೆಟ್ಟಿಗೆಗಳ ವಿಚಾರ ಸ್ವಲ್ಪ ಜಟಿಲವಾದದ್ದು. ತಾಲೂಕಿನಲ್ಲಿ ಯಲ್ಲಾಪುರ ಎಂದರೆ ಊರಿನ ಪೆಟ್ಟಿಗೆಯಲ್ಲಿ ಮಂಚಿಕೇರಿ, ಉಮ್ಮಚಗಿ, ವಜ್ರಳ್ಳಿ ಮುಂತಾದವು ಮಾತ್ರ ಬರಬೇಕು. ಕುಮಟಾ ಎಂದರೆ ಗೋಕರ್ಣ ಬರಬೇಕು. ಪ್ರತಿ ತಾಲೂಕಿನ ಊರುಗಳ ಪಟ್ಟಿಗೆ ಆ ತಾಲೂಕಿನದೇ ಹೆಸರು ಕೊಟ್ಟು, ಇಂಡೈರೆಕ್ಟ್ ಫಾರ್ಮುಲಾದಿಂದ ಕರೆಯುವುದು ರೂಢಿಯ ಮಾರ್ಗ. ಹೆಸರುಗಳ ನಡುವೆ ಜಾಗ ಬಿಡುವಂತಿಲ್ಲ ಎಂಬುದು ಇದರ ಮಿತಿ. ಇದಕ್ಕಿಂತ ಗಂಭೀರವಾದ ದೋಷ ಬೇರೆಯಿದೆ. ಯಲ್ಲಾಪುರ, ಮಂಚಿಕೇರಿ ಎಂದು ಎರಡನ್ನೂ ತುಂಬಿದ ಮೇಲೆ, ಹಿಂದಕ್ಕೆ ಹೋಗಿ ತಾಲೂಕನ್ನು ಮಾತ್ರ ಕುಮಟಾ ಎಂದು ಬದಲಿಸಿದರೆ ಮಂಚಿಕೇರಿ ಅಲ್ಲೇ ಉಳಿಯುತ್ತದೆ. ಊರಿನ ಸೆಲ್‌ನಲ್ಲಿ ಯಾರೂ ಏನನ್ನೂ ಟೈಪ್ ಮಾಡಲಿಲ್ಲವಾದ್ದರಿಂದ ಎಚ್ಚರಿಕೆಯೂ ಬರುವುದಿಲ್ಲ. ಘಟ್ಟದ ಮೇಲಿನ ಮಂಚಿಕೇರಿ ಹೀಗೆ ಕರಾವಳಿಗೆ ಇಳಿದುಬಿಡುತ್ತದೆ.

ಇದಕ್ಕೆ ಮ್ಯಾಕ್ರೊ ಇಲ್ಲದ ಒಂದು ಉಪಾಯವಿದೆ, ನನಗೆ ಇದು ಬಹಳ ಹಿಡಿಸಿದೆ. ತಾಲೂಕಿನ ಸೆಲ್‌ನ ವ್ಯಾಲಿಡೇಷನ್ ಮೂಲದಲ್ಲಿ ತಾಲೂಕುಗಳ ಹೆಸರನ್ನು ನೇರವಾಗಿ ಕೊಡದೆ, ಇಫ್ ಫಾರ್ಮುಲಾ ಬರೆಯಿರಿ: ಊರಿನ ಸೆಲ್ ಖಾಲಿ ಇದ್ದರೆ ತಾಲೂಕುಗಳ ಪೂರ್ತಿ ಪಟ್ಟಿ, ಖಾಲಿ ಇಲ್ಲದಿದ್ದರೆ ಈಗಾಗಲೇ ಇರುವ ಆ ಒಂದೇ ತಾಲೂಕು. ಆಗ ಊರನ್ನು ಅಳಿಸದೆ ಪಟ್ಟಿಯಿಂದ ಬೇರೆ ತಾಲೂಕನ್ನು ಆರಿಸಲು ಬರುವುದಿಲ್ಲ. ಬರೆಯುವವರಿಗೆ ಸ್ವಲ್ಪ ಕಿರಿಕಿರಿಯಾಗುತ್ತದೆ, ಎರಡನೆಯ ಪುಟದ ಸೂಚನೆಯಲ್ಲಿ ಕಾರಣ ಹೇಳಿಬಿಟ್ಟರೆ ಒಗ್ಗಿಕೊಳ್ಳುತ್ತಾರೆ. ತಾಲೂಕು ಖಾಲಿ ಇರುವಾಗ ಊರಿನ ಸೆಲ್‌ನಲ್ಲಿ ಏನನ್ನು ಬರೆದರೂ ಒಪ್ಪುವ ಸಂಭವವಿರುವುದರಿಂದ, ಈ ಸೆಲ್‌ಗಳಲ್ಲಿ ಇಗ್ನೋರ್ ಬ್ಲ್ಯಾಂಕ್ ಗುರುತನ್ನು ತೆಗೆದೇ ಇಡಬೇಕು.

ಹಾಳೆಯ ಬದಲು, ನಮೂದು ತುಂಬುವ ಪ್ರತ್ಯೇಕ ಕಿಟಕಿಯಾದ, ಮ್ಯಾಕ್ರೊದ ಯೂಸರ್‌ಫಾರ್ಮ್ ಮಾಡಿಕೊಂಡಿರುವ ಸಂಘಗಳೂ ಇವೆ. ಫಾರ್ಮ್‌ನಲ್ಲಿರುವ ಕಾಂಬೊ ಬಾಕ್ಸ್ ಹುಟ್ಟುಗುಣದಿಂದ ಎರಡನ್ನೂ ಒಪ್ಪುತ್ತದೆ: ಪಟ್ಟಿಯಿಂದ ಆರಿಸಬಹುದು, ಮನಸ್ಸಿಗೆ ಬಂದದ್ದನ್ನು ಟೈಪ್ ಕೂಡ ಮಾಡಬಹುದು. ಅದರ ಸ್ಟೈಲ್ ಗುಣವನ್ನು ಪಟ್ಟಿ ಮಾತ್ರ ಎಂದು ಬದಲಿಸಿದರೆ ಟೈಪ್ ಮಾಡುವುದು ನಿಲ್ಲುತ್ತದೆ. ಮ್ಯಾಚ್ ರಿಕ್ವೈರ್ಡ್ ಎಂಬ ಇನ್ನೊಂದು ಗುಣವಿದ್ದು, ಹೊಂದುವ ಹೆಸರು ಬರೆಯುವವರೆಗೆ ಪೆಟ್ಟಿಗೆಯಿಂದ ಹೊರಗೆ ಹೋಗಲು ಅದು ಬಿಡುವುದಿಲ್ಲ. ಕಟಕಟೆಯಲ್ಲಿ ಜನ ಕಾಯುತ್ತಿರುವಾಗ ಬರೆಯುವವರನ್ನು ಹೀಗೆ ಒಂದೇ ಕಡೆ ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ಯಾವ ಪೆಟ್ಟಿಗೆಯಲ್ಲಿ ಏನಾದರೂ ಇರಲಿ, ಸೇವ್ ಗುಂಡಿ ಒತ್ತಿದಾಗ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸುವುದೇ ಉತ್ತಮ. ಪರೀಕ್ಷೆಯೂ ಸುಲಭ: ಲಿಸ್ಟ್ ಇಂಡೆಕ್ಸ್ ಎಂಬ ಗುಣದ ಮೌಲ್ಯ ಮೊದಲ ಹೆಸರಿಗೆ 0, ಎರಡನೆಯದಕ್ಕೆ 1, ಏನನ್ನೂ ಆರಿಸದಿದ್ದರೆ ಅಥವಾ ಟೈಪ್ ಮಾಡಿದ್ದು ಪಟ್ಟಿಗೆ ಹೊಂದದಿದ್ದರೆ ಅದು ಋಣ 1 ಆಗಿರುತ್ತದೆ. ಮ್ಯಾಕ್ರೊ ಸಾಲನ್ನು ಹಾಳೆಗೆ ಬರೆದ ಮೇಲೂ, ಆ ಸೆಲ್‌ಗೆ ನಿಯಮವಿದ್ದರೆ, ವ್ಯಾಲಿಡೇಷನ್‌ನ ವ್ಯಾಲ್ಯೂ ಗುಣವನ್ನು ಕೇಳಿ ಅದು ಪಾಲನೆಯಾಗಿದೆಯೇ ಎಂದು ತಿಳಿಯಬಹುದು.

ಹಾಳೆಯ ಮೇಲೆಯೇ ಇಡುವ ಫಾರ್ಮ್ ಕಂಟ್ರೋಲ್ ಬಗೆಯ ಕಾಂಬೊ ಬಾಕ್ಸ್ ಬಗ್ಗೆ ಒಂದು ಎಚ್ಚರಿಕೆ. ಅದು ಜೋಡಿಸಿದ ಸೆಲ್‌ನಲ್ಲಿ ಹೆಸರನ್ನು ಬರೆಯುವುದಿಲ್ಲ, ಪಟ್ಟಿಯಲ್ಲಿ ಆ ಹೆಸರು ಎಷ್ಟನೆಯದು ಎಂಬ ಅಂಕಿಯನ್ನು ಬರೆಯುತ್ತದೆ. ಆ ಅಂಕಿಯನ್ನೇ ಖಾಯಂ ಲೆಕ್ಕದಲ್ಲಿ ಉಳಿಸಿಕೊಂಡು, ಮುಂದಿನ ವರ್ಷ ಪಟ್ಟಿಯ ನಡುವೆ ಒಂದು ಹೆಸರನ್ನು ಸೇರಿಸಿದರೆ, ಕಳೆದ ವರ್ಷದ ನಮೂದುಗಳೆಲ್ಲ ಒಂದೊಂದು ಸ್ಥಾನ ಸರಿದು ಬೇರೆಯೇ ಅರ್ಥ ಕೊಡುತ್ತವೆ. ಉಳಿಸುವುದಾದರೆ ಹೆಸರನ್ನು ಉಳಿಸಿ, ಅಥವಾ ನೀವೇ ಕೊಟ್ಟ, ಎಂದೂ ಬದಲಾಗದ ಸಂಕೇತವನ್ನು ಉಳಿಸಿ.

ಪಟ್ಟಿ ಬದಲಾಗುವುದಂತೂ ಖಂಡಿತ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲು 11 ತಾಲೂಕುಗಳಿದ್ದವು. ಹಳಿಯಾಳದಿಂದ ಬೇರೆಯಾಗಿ ದಾಂಡೇಲಿ ತಾಲೂಕಾದ ಮೇಲೆ 12. ಮೂಲ ಪಟ್ಟಿಯನ್ನು ತಿದ್ದಿದರೆ ಮುಂದಿನ ಆಯ್ಕೆಗಳು ಬದಲಾಗುತ್ತವೆಯೇ ಹೊರತು ಈಗಾಗಲೇ ಬರೆದ ಸೆಲ್‌ಗಳು ಬದಲಾಗುವುದಿಲ್ಲ. ದಾಂಡೇಲಿಯ ಸದಸ್ಯರೊಬ್ಬರ ಹಳೆಯ ಸಾಲುಗಳು ಹಳಿಯಾಳ ಎಂದೂ ಹೊಸವು ದಾಂಡೇಲಿ ಎಂದೂ ಇರುತ್ತವೆ, ಮತ್ತು ಎರಡೂ ಹೆಸರು ಪಟ್ಟಿಯಲ್ಲಿ ಇರುವುದರಿಂದ ಯಾವ ಪರಿಶೀಲನೆಯೂ ಇದನ್ನು ತಪ್ಪೆನ್ನುವುದಿಲ್ಲ. ಹಳೆಯದನ್ನು ತಿದ್ದಬೇಕೆ, ಆಗ ಇದ್ದಂತೆಯೇ ಬಿಡಬೇಕೆ ಎಂಬುದು ಆಡಳಿತ ಮಂಡಳಿ ತೀರ್ಮಾನಿಸಬೇಕಾದ ವಿಷಯ, ಸ್ಪ್ರೆಡ್‌ಶೀಟ್ ತೀರ್ಮಾನಿಸುವಂಥದ್ದಲ್ಲ.

ಪಟ್ಟಿಯಲ್ಲಿರುವ ಹೆಸರೇ ಆದರೂ ತಪ್ಪು ಹೆಸರನ್ನು ಆರಿಸಿದರೆ ಏನು ಮಾಡಬೇಕು? ಕೆಂಪುಗೋಟು, ಕೋಕಾ, ಚಾಲಿ, ತಟ್ಟಿಬೆಟ್ಟೆ, ಬಿಳೆಗೋಟು, ಬೆಟ್ಟೆ, ರಾಶಿ ಎಂದು ಅಕಾರಾದಿಯಲ್ಲಿ ಏಳು ಬಗೆಗಳನ್ನು ಇಟ್ಟರೆ, ಒಮ್ಮೆಗೆ ಎಂಟು ಸಾಲು ತೋರಿಸುವ ಪೆಟ್ಟಿಗೆಯಲ್ಲಿ ಎಲ್ಲವೂ ಉರುಳಿಸದೆ ಕಾಣುತ್ತವೆ, ಇದು ಅನುಕೂಲ. ಆದರೆ ಬೆಟ್ಟೆಯ ಮೇಲಿನ ಸಾಲೇ ಬಿಳೆಗೋಟು, ಮೌಸ್ ಕೂದಲೆಳೆ ಸರಿದರೆ ಸಾಕು. ಬಿಳೆಗೋಟಿಗೂ ಬೆಟ್ಟೆಗೂ ದರದಲ್ಲಿರುವ ಅಂತರವನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಂಥ ತಪ್ಪನ್ನು ಬಗೆಯ ಪೆಟ್ಟಿಗೆಯಲ್ಲಿ ಹಿಡಿಯಲು ಸಾಧ್ಯವಿಲ್ಲ, ಪಕ್ಕದ ಕಾಲಂನಲ್ಲಿ ಹಿಡಿಯಬೇಕು. ಮೂಲ ಪಟ್ಟಿಯಲ್ಲಿ ಪ್ರತಿ ಬಗೆಯ ಎದುರು ಆ ದಿನದ ಮಾರುಕಟ್ಟೆಯ ಕನಿಷ್ಠ ಮತ್ತು ಗರಿಷ್ಠ ದರವನ್ನು ಬರೆದಿಟ್ಟು, ದರದ ಸೆಲ್‌ಗೆ ಆ ಎರಡರ ನಡುವೆ ಇರಬೇಕೆಂಬ ನಿಯಮ ಕೊಡಿ. ಬೆಟ್ಟೆಯ ದರ ಬರೆಯುತ್ತಾ ಬಗೆಯಲ್ಲಿ ಬಿಳೆಗೋಟು ಎಂದು ಆರಿಸಿದ್ದರೆ ಎಚ್ಚರಿಕೆ ಬರುತ್ತದೆ. ಹೊಸ ಸಾಲಿನಲ್ಲಿ ಬಗೆಯನ್ನು ಮೊದಲೇ ತುಂಬಿ ಇಡುವ ಅಭ್ಯಾಸವನ್ನು ಬಿಡಿ. ಮೊದಲೇ ತುಂಬಿದ್ದನ್ನು ಯಾರೂ ಓದುವುದಿಲ್ಲ.

ಎಚ್ಚರಿಕೆಯಲ್ಲಿ ಮೂರು ಮಟ್ಟಗಳಿವೆ: ಸ್ಟಾಪ್ ಪೂರ್ತಿ ತಡೆಯುತ್ತದೆ, ವಾರ್ನಿಂಗ್ ಮುಂದುವರಿಯಬೇಕೆ ಎಂದು ಕೇಳುತ್ತದೆ, ಇನ್‌ಫರ್ಮೇಷನ್ ಬರೀ ತಿಳಿಸುತ್ತದೆ. ಎಲ್ಲ ಕಡೆಯೂ ಸ್ಟಾಪ್ ಹಾಕುವುದು ಶಿಸ್ತೆಂದು ತೋರುತ್ತದೆ, ನಾನು ಒಪ್ಪುವುದಿಲ್ಲ. ತಾಲೂಕು ಮತ್ತು ಬಗೆಯ ಪಟ್ಟಿಗಳು ಪೂರ್ಣವಾಗಿವೆ, ಅಲ್ಲಿ ಸ್ಟಾಪ್ ಇರಲಿ. ಊರಿನ ಪಟ್ಟಿ ಎಂದೂ ಪೂರ್ಣವಾಗುವುದಿಲ್ಲ. ಇದ್ದಕ್ಕಿದ್ದಂತೆ ಪಟ್ಟಿಯಲ್ಲಿಲ್ಲದ ಮಜರೆಯ ಸದಸ್ಯರೊಬ್ಬರು ಬಂದು ನಿಂತಾಗ, ಸ್ಟಾಪ್ ಇದ್ದರೆ ಬರೆಯುವವರು ಪಟ್ಟಿಯ ಮೊದಲ ಊರನ್ನು ಆರಿಸಿ ಕೆಲಸ ಮುಗಿಸುತ್ತಾರೆ. ತಡೆ ಬಿಗಿಯಾದಷ್ಟೂ ಸುಳ್ಳು ನಮೂದು ಹೆಚ್ಚಾಗುವುದು ಇಂಥಲ್ಲಿ. ಅಲ್ಲಿ ವಾರ್ನಿಂಗ್ ಇಟ್ಟು, ಹೊಸ ಹೆಸರನ್ನು ಒಪ್ಪಿಕೊಂಡು, ಪರಿಶೀಲನೆಯ ಕಾಲಂನಲ್ಲಿ ‘ನೋಡಿ’ ಎಂದು ಬರಲು ಬಿಟ್ಟರೆ ಸಂಜೆ ಕಾರ್ಯದರ್ಶಿಗಳು ಪಟ್ಟಿಗೆ ಸೇರಿಸಬಹುದು. ಇತರೆ ಎಂಬ ಆಯ್ಕೆಯನ್ನು ಮಾತ್ರ ಇಡಬೇಡಿ, ಎಲ್ಲ ಕಷ್ಟದ ನಮೂದುಗಳೂ ಅದರೊಳಗೆ ಹೋಗಿ ಬೀಳುತ್ತವೆ. ಎಚ್ಚರಿಕೆಯ ಮಾತನ್ನು ಕನ್ನಡದಲ್ಲಿಯೇ ಬರೆಯಿರಿ. 225 ಅಕ್ಷರಗಳಿಗೆ ಅವಕಾಶವಿದೆ. ನಮೂದು ತಪ್ಪು ಎಂದು ಬೈಯುವುದಕ್ಕಿಂತ, ಪಟ್ಟಿಯಿಂದ ಆರಿಸಿ, ಹೆಸರು ಇಲ್ಲದಿದ್ದರೆ ಕಾರ್ಯದರ್ಶಿಗಳಿಗೆ ತಿಳಿಸಿ ಎಂದು ಮುಂದಿನ ದಾರಿ ಹೇಳುವುದಕ್ಕೆ ಅದು ಸಾಕು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ವಖಾರಿಯಲ್ಲಿ ನಿಂತು ಮೊಬೈಲಿನಲ್ಲಿ ಗೂಗಲ್ ಶೀಟ್ಸ್‌ಗೆ ಬರೆಯುವಾಗಲೂ ಇದೆಲ್ಲ ಅನ್ವಯಿಸುತ್ತದೆಯೇ ಎಂದು ಒಬ್ಬರು ಕೇಳಿದರು. ಅಲ್ಲಿ ಮೂರರ ಬದಲು ಎರಡೇ ಮಟ್ಟಗಳು, ತಿರಸ್ಕರಿಸುವುದು ಮತ್ತು ಎಚ್ಚರಿಕೆ ತೋರಿಸುವುದು. ಎಚ್ಚರಿಕೆಯನ್ನು ಆರಿಸಿದರೆ ತಪ್ಪಾದ ಸೆಲ್‌ನ ಮೂಲೆಯಲ್ಲಿ ಕೆಂಪು ಗುರುತು ಉಳಿದುಕೊಳ್ಳುತ್ತದೆ. ಪಟ್ಟಿಯನ್ನು ಪ್ರತ್ಯೇಕ ಹಾಳೆಯಲ್ಲಿಟ್ಟು ಅಲ್ಲಿಂದ ತರುವ ಕ್ರಮವೂ, ಪರಿಶೀಲನೆಯ ಕಾಲಂ ಕೂಡ ಹಾಗೆಯೇ. ಒಂದೇ ಹೊತ್ತಿಗೆ ಹಲವರು ಬರೆಯುವುದರಿಂದ ಪಟ್ಟಿಯ ಹಾಳೆಯನ್ನು ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ ಎಂದು ಹೇಳಿದೆ.

ನಾಲ್ಕಾರು ವರ್ಷಗಳ ಹಳೆಯ ನಮೂದುಗಳಿರುವ ಹಾಳೆಗೆ ಈಗ ಡ್ರಾಪ್‌ಡೌನ್ ಹಾಕಿದರೆ ಅವು ಸರಿಯಾಗುತ್ತವೆಯೇ ಎಂಬುದು ಇನ್ನೊಬ್ಬರ ಪ್ರಶ್ನೆ. ಆಗುವುದಿಲ್ಲ, ನಿಯಮ ಹಾಕುವ ಮೊದಲು ಇದ್ದ ಮೌಲ್ಯವನ್ನು ಎಕ್ಸೆಲ್ ಮುಟ್ಟುವುದಿಲ್ಲ, ದೂರುವುದೂ ಇಲ್ಲ. ಮೊದಲು ಆ ಕಾಲಂ ಅನ್ನು ಬೇರೆ ಹಾಳೆಗೆ ಕಾಪಿ ಮಾಡಿ, ರಿಮೂವ್ ಡುಪ್ಲಿಕೇಟ್ಸ್‌ನಿಂದ ಬೇರೆ ಬೇರೆ ರೂಪಗಳನ್ನು ಮಾತ್ರ ಉಳಿಸಿಕೊಳ್ಳಿ. ಪ್ರತಿ ರೂಪದ ಎದುರು ಸರಿಯಾದ ಹೆಸರನ್ನು ಒಬ್ಬರೇ ಕುಳಿತು ಬರೆಯಲಿ. ಶಿರ್ಸಿಯ ಎದುರು ಶಿರಸಿ, ಸೂಪಾದ ಎದುರು ಜೋಯಿಡಾ ಎಂಬಂತೆ. ಆಮೇಲೆ ಮೂಲ ಹಾಳೆಯಲ್ಲಿ ಹೊಸ ಕಾಲಂ ತೆರೆದು ವಿ-ಲುಕಪ್‌ನಿಂದ ಸರಿಯಾದ ಹೆಸರನ್ನು ತನ್ನಿ, ಮೌಲ್ಯವಾಗಿ ಪೇಸ್ಟ್ ಮಾಡಿ, ಅನಂತರವೇ ವ್ಯಾಲಿಡೇಷನ್ ಹಾಕಿ ಕೆಂಪು ಸುತ್ತಿನ ಆಜ್ಞೆಯನ್ನು ನಡೆಸಿ. ಹಳೆಯ ಕಾಲಂ ಅನ್ನು ಅಳಿಸಬೇಡಿ, ಹೈಡ್ ಮಾಡಿ ಇಡಿ. ಆಡಿಟ್‌ನವರು ತೂಕದ ಚೀಟಿಯ ಜೊತೆ ತಾಳೆ ನೋಡುವಾಗ ಅಂದು ಬರೆದಿದ್ದ ರೂಪವನ್ನೇ ಕೇಳುತ್ತಾರೆ.